ನಾಲ್ಕು ಅಡಿ ದಾರಿ

ಗಂಗಲಕ್ಷ್ಮಿ ಸೈಕಲ್ಲಿನಿಂದ ಬಿದ್ದಾಗ ಅವಳ ಗಂಡ ಮಾರುತೇಶ ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದ. ಆದರೆ ನೋಡಲಿಲ್ಲ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ಜಂಬುಲಿಂಗಪ್ಪನವರ ಹಾರ್ಡ್‌ವೇರ್ ಅಂಗಡಿಯೊಳಗೆ ನಿಂತು, ರಾಂಪುರಕ್ಕೆ ಒಯ್ಯಬೇಕಾಗಿದ್ದ ಕಬ್ಬಿಣದ ಪೈಪುಗಳ ಚೀಟಿಗೆ ಸಹಿ ಹಾಕುತ್ತಿದ್ದ. ಹೊರಗೆ ಬಸ್ಸಿನ ಹಾರನ್ ಉದ್ದಕ್ಕೆ ಕೂಗಿತು. ಬ್ರೇಕ್ ಕಿರುಚಿತು. ಜನ ಓಡಿದ ಸದ್ದು ಕೇಳಿತು. ಲಗೇಜ್ ಆಟೊ ಸ್ಟ್ಯಾಂಡಿನ ಹಿರಿಯ ಗಾದ್ರಪ್ಪ ಅಂಗಡಿಯ ಬಾಗಿಲಿಗೆ ಬಂದು, "ಲೇ ಮಾರುತೇಶ, ನಿನ್ ಹೆಂಡ್ತಿ ಕಣಲೇ!" ಅಂದ.

ಅವಳು ರಸ್ತೆಯ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ಎಡಗೈಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು. ಬಸ್ಸು ಅವಳಿಂದ ಮೊಳದಷ್ಟು ದೂರದಲ್ಲಿ ನಿಂತಿತ್ತು. ಗಂಡನನ್ನು ಕಂಡದ್ದೇ ಅವಳು ಆಡಿದ ಮೊದಲ ಮಾತು, "ಸ್ಕೂಲಿಗೆ ಒಂದು ಫೋನ್ ಮಾಡು. ಬೇಳೆ ಬೇಯಾಕಿಡಾಕೆ ಯಾರೂ ಇಲ್ಲ ಅಲ್ಲಿ."

ಊರಿನ ಇನ್ನೊಂದು ತುದಿಯ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಕೊಂಡ್ಲಹಳ್ಳಿಯಲ್ಲಿ ಚಿಕ್ಕವಳಾಗಿದ್ದಾಗ ಅಣ್ಣನ ಸೈಕಲ್ ಕದ್ದು ತುಳಿದು ಕಲಿತವಳು. ಮದುವೆಯಾದ ಮೇಲೆ ಬಿಟ್ಟುಹೋಗಿದ್ದನ್ನು ಶಾಲೆಯ ಕೆಲಸ ಸಿಕ್ಕಾಗ, ಮೂವತ್ತಾರನೆಯ ವಯಸ್ಸಿನಲ್ಲಿ, ಮತ್ತೆ ಹಿಡಿದಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಎಂಟು ವರ್ಷ ಆ ರಸ್ತೆಯಲ್ಲಿ ಹೋಗಿ ಬಂದಿದ್ದಳು. ಒಮ್ಮೆಯೂ ಬಿದ್ದಿರಲಿಲ್ಲ.

ಹೇಗೆ ಬಿದ್ದೆಯಮ್ಮ ಎಂದು ಪೊಲೀಸಿನವನು ಕೇಳಿದಾಗ ಅವಳು, "ನಾನೇ ಬಿದ್ದೆ. ಬಸ್ಸಿನವಂದು ಏನೂ ತಪ್ಪಿಲ್ಲ" ಅಂದಳು. ಅಷ್ಟೇ ಹೇಳಿದಳು.

ಆಸ್ಪತ್ರೆಯಲ್ಲಿ ಮುರಿದ ಎಡ ಮಣಿಕಟ್ಟಿಗೆ ಪಟ್ಟಿ ಹಾಕಿಸಿ, ಅವಳನ್ನು ಮನೆಯಲ್ಲಿ ಬಿಟ್ಟು ಮಾರುತೇಶ ಮಧ್ಯಾಹ್ನ ಸ್ಟ್ಯಾಂಡಿಗೆ ಮರಳಿದ. ಅವನ ಆಟೊ ಬೆಳಿಗ್ಗೆ ಬಿಟ್ಟಲ್ಲೇ ಇತ್ತು. ಸ್ಟ್ಯಾಂಡಿನ ಹನ್ನೆರಡು ಆಟೊಗಳೂ ಅಂಗಡಿಗೆ ಮೂತಿ ಮಾಡಿ, ರಸ್ತೆಗೆ ಬೆನ್ನು ಮಾಡಿ ನಿಲ್ಲುವುದು ಮೊದಲಿನಿಂದ ಬಂದ ರೂಢಿ. ಅವನ ಆಟೊದ ಹಿಂದಿನಿಂದ ಪೈಪುಗಳು ಆರು ಅಡಿ ಹೊರಚಾಚಿ, ಟಾರಿನ ಮೇಲಕ್ಕೇ ಬಂದಿದ್ದವು. ತುದಿಗೆ ಅವನು ಕಟ್ಟಿದ್ದ ಕೆಂಪು ಬಟ್ಟೆ ಗಾಳಿಗೆ ಆಡುತ್ತಿತ್ತು. ಅದು ಗಂಗಲಕ್ಷ್ಮಿಯ ಹಳೆಯ ಸೀರೆಯಿಂದ ಅವನೇ ಹರಿದುಕೊಂಡು ಬಂದದ್ದು. ಸೈಕಲ್ ಉಜ್ಜಿಕೊಂಡು ಹೋದ ಗೆರೆ ಆ ಬಟ್ಟೆಯ ಕೆಳಗಿನಿಂದಲೇ ಶುರುವಾಗಿ ಬಸ್ಸು ನಿಂತಿದ್ದ ಕಡೆಗೆ ಹೋಗಿತ್ತು.

ಅವನು ಆ ಗೆರೆಯ ಗುಂಟ ನಡೆದು ನೋಡಿದ. ಪೈಪುಗಳನ್ನು ತಪ್ಪಿಸಲು ಹೋಗಿ ಅವಳು ರಸ್ತೆಗೆ ಇಳಿದಿದ್ದಾಳೆ. ಬಟ್ಟೆಯ ಗುರುತು ಅವಳಿಗೆ ಸಿಗದೆ ಇರುತ್ತದೆಯೇ? ಆದರೂ ಯಾರ ಮುಂದೆಯೂ ಹೇಳಿಲ್ಲ.

ಸಂಜೆ ಮನೆಗೆ ಹೋದವನಿಗೆ ಅದನ್ನು ಕೇಳುವ ಧೈರ್ಯ ಬರಲಿಲ್ಲ. ಬದಲಿಗೆ, "ಇನ್ ಮ್ಯಾಲೆ ಸೈಕಲ್ ಬ್ಯಾಡ. ನಾನೇ ದಿನಾ ಬಿಟ್ಟು ಬರ್ತೀನಿ" ಅಂದ. ಸೈಕಲ್ಲನ್ನು ಹಿತ್ತಲಿನ ತಗಡಿನ ಕೆಳಗೆ ತಲೆಕೆಳಗು ಮಾಡಿ ಇಟ್ಟ.

ಮೂರು ವಾರ ಕಳೆದು ಅವಳು ಒಂದು ಕೈಯಲ್ಲೇ ಕೆಲಸಕ್ಕೆ ಹೋಗತೊಡಗಿದಾಗ ಅವನು ಮಾತಿನಂತೆ ಬಿಟ್ಟು ಬಂದ. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ಬೆಳಿಗ್ಗೆ ಆರಕ್ಕೇ ಒಂದು ಲೋಡು ಬಂತು, ಅವಳು ನಡೆದು ಹೋದಳು. ಇನ್ನೊಂದು ದಿನ ಸಂಜೆ ಅವನು ಬರುವುದು ಒಂದೂವರೆ ಗಂಟೆ ತಡವಾಯಿತು. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಅವಳು ಹೊರಗಿನ ಕಲ್ಲಿನ ಮೇಲೆ, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿಟ್ಟು ಮಾಡಲಿಲ್ಲ. ಆಟೊ ಹತ್ತಿ ಕೂತು, "ಎಂಟು ವರ್ಷದಾಗೆ ನಾನು ಯಾರ್ಗೂ ಕಾದಿದ್ದಿಲ್ಲ" ಅಂದಳು.

ಆ ದಿನಗಳಲ್ಲೇ ನಗರಸಭೆಯ ನೋಟಿಸು ಬಂತು. ಬಳ್ಳಾರಿ ರಸ್ತೆಯ ಒಂದು ಬದಿಯಲ್ಲಿ ನಾಲ್ಕು ಅಡಿಯನ್ನು ಸೈಕಲ್ಲುಗಳಿಗೆಂದು ಗೆರೆ ಹಾಕಿ ಬಿಡುವುದು. ಆಕ್ಷೇಪಣೆ ಇದ್ದವರು ಸಭೆಗೆ ಬರುವುದು. ಇದಕ್ಕೆ ಅರ್ಜಿ ಕೊಟ್ಟವರು ಊರಿನ ಕೆಲವು ಡಾಕ್ಟರುಗಳು, ಬ್ಯಾಂಕಿನವರು. ಬೆಳಗಿನ ಹೊತ್ತು ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡು ಹತ್ತು ಹನ್ನೆರಡು ಜನ ಸಾಲಾಗಿ ಸೈಕಲ್ ತುಳಿಯುತ್ತಿದ್ದವರು. ಸ್ಟ್ಯಾಂಡಿನವರು ಅವರನ್ನು ಕಂಡು ಮೊದಲೇ ನಗುತ್ತಿದ್ದರು. ಈಗ ನಗೆ ನಿಂತಿತು. ನಾಲ್ಕು ಅಡಿ ಬಿಟ್ಟರೆ ಸ್ಟ್ಯಾಂಡೇ ಇರುವುದಿಲ್ಲ.

"ಅವ್ರ ಹೊಟ್ಟೆ ಕರಗ್ಲಿ ಅಂತ ನಮ್ ಹೊಟ್ಟೆ ಮ್ಯಾಲೆ ಹೊಡೀತಾರೇನಲೇ?" ಎಂದು ಗಾದ್ರಪ್ಪ ಕೂಗಾಡಿದ. "ಟ್ಯಾಕ್ಸ್ ಇಲ್ಲ, ಲೈಸನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ. ನಾವು ವರ್ಷಾ ವರ್ಷಾ ಕಟ್ಟಿ ಸಾಯೋದು, ಅವ್ರಿಗೆ ರೋಡು!"

ಪಿಯುಸಿವರೆಗೆ ಓದಿದವನು ಮಾರುತೇಶ ಒಬ್ಬನೇ ಆದ್ದರಿಂದ ಆಕ್ಷೇಪಣೆ ಬರೆಯುವುದೂ ಓದುವುದೂ ಅವನ ತಲೆಗೆ ಬಂತು. ಅವನು ಬರೆದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹನ್ನೆರಡು ಸಂಸಾರಗಳು ಆ ಜಾಗದ ಮೇಲೇ ನಿಂತಿದ್ದವು. ಲೋಡು ಕೊಡುವ ಅಂಗಡಿಗಳೆಲ್ಲ ಅಲ್ಲೇ ಇದ್ದವು. ದೂರ ಹೋಗಿ ನಿಂತ ಆಟೊವನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಬರೆದದ್ದನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದ. ಅವಳು ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೆ, "ಸಭೆ ಯಾವತ್ತು?" ಅಂದಳು.

"ಗುರುವಾರ ಮಧ್ಯಾಹ್ನ. ಯಾಕೆ?"

"ನಾನೂ ಬರ್ತೀನಿ. ಬೇರೆ ಸ್ಕೂಲ್ ಅಡುಗೆಯವ್ರು ಮೂರು ಜನ, ರೋಡ್ ಗುಡಿಸೋ ಯರ್ರಮ್ಮ, ಎಲ್ರೂ ಬರ್ತಾರೆ. ನಾವೂ ಸೈಕಲ್ ತುಳಿಯೋರೆ. ನಮ್ಮುನ್ನ ಯಾರೂ ಕೇಳಲಿಲ್ಲ, ಆ ಡಾಕ್ಟ್ರೂ ಕೇಳಲಿಲ್ಲ, ನೀವೂ ಕೇಳಲಿಲ್ಲ."

"ನನ್ ಎದುರಿಗೆ ನಿಂತ್ಕಂತೀಯಾ?"

"ನಿನ್ ಎದುರಿಗೆ ಯಾಕ್ ನಿಂತ್ಕಳ್ಳಿ? ನೀನು ನಿನ್ ಮಾತು ಹೇಳು, ನಾನು ನನ್ ಮಾತು ಹೇಳ್ತೀನಿ."

ಬುಧವಾರ ಅವನಿಗೆ ಮೊಳಕಾಲ್ಮೂರಿಗೆ ಬಾಡಿಗೆ ಸಿಕ್ಕಿತು. ನೇಕಾರರ ಮನೆಯೊಂದಕ್ಕೆ ಮಗ್ಗದ ಮರದ ಸಾಮಾನು. ಹೆದ್ದಾರಿ ಬಿಟ್ಟು ಮೊಳಕಾಲ್ಮೂರಿನ ಕಡೆ ತಿರುಗಿದ ಮೇಲೆ ರಸ್ತೆ ಸಣ್ಣದು, ಎರಡೂ ಕಡೆ ಬಂಡೆಗಲ್ಲಿನ ಗುಡ್ಡ. ಅಲ್ಲೊಬ್ಬ ಮುದುಕ ಸೈಕಲ್ಲಿನ ಹಿಂದೆ ಶೇಂಗಾ ಹೊಟ್ಟಿನ ದೊಡ್ಡ ಮೂಟೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದ. ಎಂದಿನಂತೆ ಮಾರುತೇಶನ ಹೆಬ್ಬೆರಳು ಹಾರನ್ನಿನ ಮೇಲೆ ಹೋಯಿತು. ಏಕೋ ಒತ್ತಲಿಲ್ಲ. ಗಾಡಿಯ ವೇಗ ತಗ್ಗಿಸಿ ಹಿಂದೆಯೇ ಹೋದ.

ಹನ್ನೊಂದು ವರ್ಷ ಗಾಡಿ ಓಡಿಸಿದವನು ಸೈಕಲ್ ತುಳಿಯುವವನ ಬೆನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಇಂಜಿನ್ನಿನ ಸದ್ದು ಹತ್ತಿರವಾದಂತೆ ಮುದುಕನ ಕುತ್ತಿಗೆ ಬಿಗಿಯಿತು, ಹೆಗಲು ಮೇಲೆ ಬಂತು. ಎದುರಿನಿಂದ ಲಾರಿ ಬಂದಾಗ ಅವನು ಟಾರು ಬಿಟ್ಟು ಜಲ್ಲಿಗೆ ಇಳಿದ, ಸೈಕಲ್ ನಡುಗಿತು, ಮತ್ತೆ ಟಾರಿಗೆ ಹತ್ತಿದ. ಇದನ್ನು ನಾಲ್ಕು ಸಲ ಮಾಡಿದ. ಒಂದು ಸಲವೂ ತಿರುಗಿ ನೋಡಲಿಲ್ಲ.

ಊರ ಹೊರಗಿನ ಚಹಾ ಅಂಗಡಿಯ ಮುಂದೆ ಮುದುಕ ನಿಂತ. ಮಾರುತೇಶನೂ ನಿಲ್ಲಿಸಿದ.

"ಏಮಿ ನಾಯನಾ," ಎಂದು ಮುದುಕ ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದ, "ಅಷ್ಟು ದೂರದಿಂದ ಹಿಂದೆ ಹಿಂದೆ ಬಂದೆಯಲ್ಲ, ಹಾರನ್ ಕೆಟ್ಟೈತಾ?"

ಮಾರುತೇಶ ನಕ್ಕ. "ಕೆಟ್ಟಿಲ್ಲ ತಾತ. ನೀನ್ಯಾಕೆ ಒಂದು ಸಲಾನೂ ತಿರುಗಿ ನೋಡ್ಲಿಲ್ಲ?"

"ತಿರುಗಿದ್ರೆ ಹ್ಯಾಂಡ್ಲು ವಾಲ್ತೈತೆ. ಬೆನ್ನಾಗೇ ಕೇಳಿಸ್ಕಂತೀನಿ. ಯಾವನು ಜಾಗ ಬಿಡ್ತಾನೆ, ಯಾವನು ಬಿಡಲ್ಲ, ಸದ್ದಿನಾಗೇ ಗೊತ್ತಾಗ್ತೈತೆ. ನಿಂದು ಮಾತ್ರ ಗೊತ್ತಾಗ್ಲಿಲ್ಲ. ಅದಕ್ಕೇ ಜಾಸ್ತಿ ಹೆದರ್ಕೆ ಆತು."

ಮುದುಕನಿಗೆ ಚಹಾ ಕೊಡಿಸಿ ಮಾರುತೇಶ ಮುಂದಕ್ಕೆ ಹೋದ. ಹಿಂದಿರುಗುವಾಗ ದಾರಿಯಲ್ಲಿ ಅದೇ ಯೋಚನೆ. ದಿನಾ ಎರಡು ಹೊತ್ತು ಗಂಗಿಯ ಹೆಗಲೂ ಹಾಗೇ ಮೇಲೆ ಬರುತ್ತಿದ್ದಿರಬೇಕು. ಎಂಟು ವರ್ಷ. ಅವಳು ಮನೆಗೆ ಬಂದು ಸೈಕಲ್ ಒರಗಿಸಿ ಕತ್ತು ತಿರುಗಿಸಿ ತಿರುಗಿಸಿ ಸಡಿಲ ಮಾಡಿಕೊಳ್ಳುವುದನ್ನು ಅವನು ನೋಡಿದ್ದ. ಅಡುಗೆ ಕೆಲಸದ ಆಯಾಸ ಅಂದುಕೊಂಡಿದ್ದ.

ಗುರುವಾರದ ಸಭೆಗೆ ನೂರಕ್ಕೆ ಮೇಲೆ ಜನ ಸೇರಿದ್ದರು. ನಗರಸಭೆಯ ಎಂಜಿನಿಯರ್ ನಿರ್ಮಲಾ ಗೋಡೆಗೆ ನಕ್ಷೆ ತೂಗುಹಾಕಿ ವಿವರಿಸಿದರು. ನಾಲ್ಕು ಅಡಿಯ ಹಾದಿ ವಾಹನಗಳ ಪಕ್ಕದಲ್ಲಿ, ರಸ್ತೆಯಂಚಿನ ಬಿಳಿ ಗೆರೆಯ ಈಚೆ ಬರುತ್ತಿತ್ತು. ಬೆಳಗಿನ ಸೈಕಲ್ ಬಳಗದವರೊಬ್ಬರು ಆರೋಗ್ಯ, ಹೊಗೆ, ಹೊರದೇಶದ ಊರುಗಳ ವಿಚಾರ ಹೇಳಿದರು. ವರ್ತಕರ ಪರವಾಗಿ ಜಂಬುಲಿಂಗಪ್ಪನವರು ಎದ್ದು, "ನಾನು ಸೈಕಲ್ ವಿರೋಧಿ ಅಲ್ಲ. ನಮ್ಮಪ್ಪ ಸೈಕಲ್ ಮೇಲೇ ವ್ಯಾಪಾರ ಮಾಡಿದವರು. ಆದ್ರೆ ಗಾಡಿ ನಿಲ್ಲದ ಅಂಗಡಿಗೆ ಗಿರಾಕಿ ಬರಲ್ಲ. ನಮ್ ಬೀದಿನೇ ಯಾಕೆ?" ಎಂದು ಕೇಳಿದರು. ಬಹಳ ಮಂದಿ ಚಪ್ಪಾಳೆ ಹೊಡೆದರು.

ಮಾರುತೇಶನ ಸರದಿ ಬಂತು. ಅವನು ಎದ್ದು ಕಾಗದ ಬಿಚ್ಚಿದಾಗ ಹಿಂದಿನ ಸಾಲಿನಲ್ಲಿ ಗಂಗಲಕ್ಷ್ಮಿ ಕಂಡಳು, ಪಕ್ಕದಲ್ಲಿ ಯರ್ರಮ್ಮ, ಇನ್ನೂ ಐದಾರು ಹೆಂಗಸರು. ಆದರೂ ಅವನು ಓದಿದ. ಒಂದಕ್ಷರವನ್ನೂ ಬಿಡದೆ, ತೆರಿಗೆಯ ಮಾತು, ಲೈಸನ್ಸಿನ ಮಾತು, ಹನ್ನೆರಡು ಸಂಸಾರದ ಮಾತು, ಎಲ್ಲವನ್ನೂ ಓದಿ ಕೂತ.

ಅವಳು ಎದ್ದಳು. ಮೈಕು ಬೇಡವೆಂದಳು.

"ಈಗ ಓದಿದ್ರಲ್ಲ, ಅವ್ರು ನಮ್ಮನೆಯವ್ರೇ. ಚೆನ್ನಾಗಿ ಓದಿದ್ರು." ಸಭೆ ನಕ್ಕಿತು. ಅವಳು ನಗಲಿಲ್ಲ. "ಅವ್ರು ಹೇಳಿದ್ದು ಸುಳ್ಳಲ್ಲ. ಅವ್ರ ದುಡಿಮೆಯಾಗೇ ನಾನೂ ಉಂಡೀನಿ. ಆದ್ರೆ ಟ್ಯಾಕ್ಸ್ ಅಂತೀರಿ. ಟ್ಯಾಕ್ಸ್ ಕಟ್ದೋರಿಗೆ ಮಾತ್ರ ಮೂಳೆ ಮುರೀತಾವಾ? ಯರ್ರಮ್ಮ ದಿನಾ ಬೆಳಿಗ್ಗೆ ಐದಕ್ಕೆ ಬಂದು ಇದೇ ರೋಡ್ ಗುಡಿಸ್ತಾಳೆ. ಗುಡಿಸಾಕೆ ರೋಡು ಅವಳ್ದು, ಮನೀಗೆ ಹೋಗಾಕೆ ಅವಳ್ದಲ್ಲ. ನಮ್ಗೆ ಊರೆಲ್ಲ ಬ್ಯಾಡ. ಬೀಳ್ದಂಗೆ ಹೋಗಾಕೆ ಒಂದು ಹಾದಿ ಬೇಕು."

ಯಾರೋ ಅಂಗಡಿಯವರು ಕೂತಲ್ಲಿಂದಲೇ, "ನೀನು ಬಿದ್ದಿದ್ದು ನಿಂದೇ ತಪ್ಪಿನಿಂದ ಅಂತ ಪೊಲೀಸ್ರ ಮುಂದೆ ನೀನೇ ಹೇಳಿದ್ಯಂತಲ್ಲಮ್ಮ?" ಅಂದರು.

ಮಾರುತೇಶ ತಿರುಗಿ ಅವಳನ್ನು ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಸೆರಗಿನ ತುದಿಯನ್ನು ಪಟ್ಟಿಯ ಮೇಲೆ ಎಳೆದುಕೊಂಡು, "ಹೌದು, ಹಂಗಂತ ಹೇಳಿದ್ದೆ" ಅಂದು ಕೂತಳು.

ಸಭೆ ಯಾವ ತೀರ್ಮಾನವೂ ಇಲ್ಲದೆ ಮುಗಿಯಿತು. ಎಂಜಿನಿಯರ್ ಇನ್ನೊಮ್ಮೆ ನೋಡುವುದಾಗಿ ಹೇಳಿದರು. ಹೊರಗೆ ಗಾದ್ರಪ್ಪ ಮಾರುತೇಶನ ಬೆನ್ನು ತಟ್ಟಿ, "ಭೇಷ್ ಓದಿದೆ. ಮನೇಲಿ ಮಾತ್ರ ಸ್ವಲ್ಪ ಹಿಡಿತ ಇರ್ಲಿ" ಅಂದ. ಮಾರುತೇಶ ಹೆಂಡತಿಯನ್ನು ಹತ್ತಿಸಿಕೊಂಡು ಆಟೊ ಚಾಲು ಮಾಡಿದ.

ದಾರಿಯಲ್ಲಿ, ಆಟೊ ಓಡುತ್ತಿರುವಾಗಲೇ ಅವನು, "ಆ ಪೈಪು ನಂದು" ಅಂದ.

"ಗೊತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ಎಲ್ರೂ ನಿನ್ ಕಡೆ ನೋಡೋರು, ಮಾರುತೇಶಂದು ತಪ್ಪು ಅಂದು ಎದ್ದು ಹೋಗೋರು. ರೋಡು ಹಂಗೇ ಇರ್ತಿತ್ತು. ನಿನ್ ಪೈಪು ಇರ್ದಿದ್ರೆ ಮರುದಿನ ಇನ್ನೊಬ್ರುದು ಇರ್ತಿತ್ತು." ಕೈಯ ಪಟ್ಟಿ ಸರಿಮಾಡಿಕೊಂಡು ಅಂದಳು, "ನೀನೇ ಒಂದು ದಿನ ಹೇಳ್ತೀಯ ಅಂತ ನೋಡ್ತಿದ್ದೆ. ಬಾಳ ದಿನ ತಗಂಡೆ."



ಭಾನುವಾರ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲೇ ಅವನು ಒಂದು ಟೇಪು, ಒಂದು ಚೀಲ ಸುಣ್ಣದ ಪುಡಿ ಹಿಡಿದು ಸ್ಟ್ಯಾಂಡಿಗೆ ಹೋದ. ಚರಂಡಿಯ ಚಪ್ಪಡಿಯಿಂದ ಬಿಳಿ ಗೆರೆಯವರೆಗೆ ಅಳೆದ: ಹನ್ನೊಂದೂವರೆ ಅಡಿ. ಎಷ್ಟು ಇಂಚಿನ ಸಂದಿಯಲ್ಲಿ ಗಾಡಿ ನುಗ್ಗಿಸಬಹುದು ಎಂಬ ಲೆಕ್ಕ ಅವನ ಕೈಗೆ ಹತ್ತಿದ್ದ ವಿದ್ಯೆ. ಆಟೊ ಅಡ್ಡ ನಿಂತರೆ ಆ ಜಾಗವನ್ನೆಲ್ಲ ತಿನ್ನುತ್ತದೆ, ಲೋಡು ಹೊರಗೆ ಚಾಚುತ್ತದೆ. ರಸ್ತೆಯ ಉದ್ದಕ್ಕೆ ಒಂದರ ಹಿಂದೆ ಒಂದು ನಿಂತರೆ ಐದೂವರೆ ಅಡಿ ಸಾಕು. ಚಾಚಿದ ಪೈಪೂ ಉದ್ದಕ್ಕೇ ಚಾಚುತ್ತದೆ, ಯಾರಿಗೂ ಅಡ್ಡ ಬರುವುದಿಲ್ಲ. ಉಳಿದ ಜಾಗದಲ್ಲಿ ನಾಲ್ಕು ಅಡಿ ಸೈಕಲ್ಲಿಗೆ. ಅದೂ ಬಸ್ಸಿನ ಕಡೆಯಲ್ಲ, ಒಳಗಡೆ, ಚರಂಡಿಯ ಪಕ್ಕ. ಆಟೊಗಳ ಸಾಲೇ ಬಸ್ಸಿಗೂ ಸೈಕಲ್ಲಿಗೂ ನಡುವೆ ಗೋಡೆಯಾಗುತ್ತದೆ.

ಸುಣ್ಣದಲ್ಲಿ ಎರಡು ಗೆರೆ ಎಳೆದು, ತನ್ನ ಆಟೊ ತಂದು ಅವುಗಳ ನಡುವೆ ನಿಲ್ಲಿಸಿದ. ಆಮೇಲೆ ಎಂಜಿನಿಯರ್‌ಗೆ ಫೋನ್ ಮಾಡಿದ. ರಜೆಯ ದಿನ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದ. ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು. ಅಷ್ಟರಲ್ಲಿ ಗಾದ್ರಪ್ಪನೂ, ಬಾಗಿಲು ತೆಗೆಯಲು ಬಂದ ಜಂಬುಲಿಂಗಪ್ಪನವರೂ ಸೇರಿದರು.

ನಿರ್ಮಲಾ ಚರಂಡಿಯ ಪಕ್ಕದ ಹಾದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ನೋಡಿದರು. "ಇದು ನಮ್ಮ ನಕ್ಷೆಗಿಂತ ಚೆನ್ನಾಗಿದೆ" ಅಂದರು. "ಆದ್ರೆ ಹೀಗೆ ಉದ್ದಕ್ಕೆ ನಿಂತ್ರೆ ಐದಾರು ಆಟೊ ಹಿಡಿಸ್ತವೆ ಅಷ್ಟೇ. ಉಳಿದವು?"

"ಐದು ಇಲ್ಲಿ, ಏಳು ಸಂತೆ ಮೈದಾನದ ಅಂಚಿಗೆ, ಮೇಡಂ. ಇಲ್ಲಿಂದ ಒಂದು ಲೋಡ್ ಹೊರಟ್ರೆ ಅಲ್ಲಿಂದ ಒಂದು ಬರ್ತೈತೆ. ಪಾಳಿ ಪ್ರಕಾರ."

"ನಾನು ಮೈದಾನಕ್ಕೆ ಹೋಗಲ್ಲ," ಗಾದ್ರಪ್ಪ ಸಿಡಿದ. "ಇಪ್ಪತ್ತು ವರ್ಷದಿಂದ ಇದೇ ಜಾಗದಾಗೆ ನಿಂತೀನಿ. ಹೆಂಡ್ತಿ ಮಾತು ಕೇಳಿ ಸ್ಟ್ಯಾಂಡ್ ಮಾರ್ತೀಯೇನಲೇ?"

"ಹೆಂಡ್ತಿ ಮಾತಲ್ಲ ಗಾದ್ರಣ್ಣ. ಅವತ್ತು ಅವಳು ಬಿದ್ದಿದ್ದು ನನ್ ಪೈಪ್ ತಪ್ಪಿಸಾಕೆ ಹೋಗಿ. ಬಸ್ಸಿನವನು ಬ್ರೇಕ್ ಹಾಕ್ದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತು ಮಾತಾಡ್ತಿದ್ದಿಲ್ಲ." ಅವನು ಗಾದ್ರಪ್ಪನ ಹತ್ತಿರ ಬಂದ. "ಮೊದಲ ತಿಂಗಳು ಮೈದಾನಕ್ಕೆ ನಾನೇ ಹೋಗ್ತೀನಿ. ನೀನು ಇಲ್ಲೇ ಇರು."

ಜಂಬುಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಅದು ಹೊಸ ಸುದ್ದಿ. ಪೈಪು ಅವರ ಅಂಗಡಿಯದೇ.

"ಮೂಟೆ ಹೊತ್ತ ಹಮಾಲರು ಆ ಹಾದಿ ದಾಟಬೇಕಲ್ಲಪ್ಪ?" ಎಂದು ಕೊನೆಗೆ ಕೇಳಿದರು.

"ದಾಟ್ಲಿ ಸಾವ್ಕಾರ್ರೆ. ಸೈಕಲ್ಲಿನವ್ರು ನಿಲ್ತಾರೆ. ಅವ್ರು ನಿಲ್ಸಾಕೆ ಆಗುವಷ್ಟು ಮೆಲ್ಲಗೇ ಬರ್ತಾರೆ."

"ಎರಡು ತಿಂಗಳು ನೋಡೋಣ," ಅಂದರು ಜಂಬುಲಿಂಗಪ್ಪ. "ವ್ಯಾಪಾರಕ್ಕೆ ಪೆಟ್ಟು ಬಿತ್ತೋ, ಮೊದ್ಲು ನಾನೇ ಅರ್ಜಿ ಕೊಡೋನು."

ಹಾದಿ ಆಯಿತು. ಎರಡು ತಿಂಗಳು ಪರೀಕ್ಷೆಗೆ ಎಂದು ಹಾಕಿದ್ದು ಈಗ ಏಳನೆಯ ತಿಂಗಳಿಗೆ ಬಂದಿದೆ. ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಬೈಕಿನವರು ಅದರ ಮೇಲೆ ಗಾಡಿ ನಿಲ್ಲಿಸಿ ಚಹಾಕ್ಕೆ ಹೋಗುತ್ತಾರೆ. ಇಬ್ಬರು ಆಟೊದವರು ಪಾಳಿ ಸರಿಬರದೆ ಬೇರೆ ಸ್ಟ್ಯಾಂಡ್ ಹಿಡಿದರು. ಅವರಲ್ಲೊಬ್ಬ ಮಾರುತೇಶನನ್ನು ಕಂಡರೆ ಮುಖ ತಿರುಗಿಸುತ್ತಾನೆ, ಅದು ಅವನಿಗೆ ಒಳಗೇ ಚುಚ್ಚುತ್ತದೆ. ಗಾದ್ರಪ್ಪ ಮಾತ್ರ ಮೊದಲು ಬೈದುಕೊಂಡೇ ನಿಂತವನು ಈಗ ಹಾದಿಗೆ ಅಡ್ಡ ನಿಂತ ಬೈಕುಗಳನ್ನು ತಾನೇ ಎತ್ತಿ ಸರಿಸುತ್ತಾನೆ. ಕೇಳಿದರೆ, "ನನ್ ಆಟೊ ತೆಗೆಯಾಕೆ ಅಡ್ಡ ಆಗ್ತೈತೆ" ಎನ್ನುತ್ತಾನೆ. ಬೆಳಗಿನ ಬಳಗದವರು ಒಂದು ದಿನ ಯರ್ರಮ್ಮನನ್ನು ಕರೆದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರು. ಶಾಲು ಚೆನ್ನಾಗಿದೆ, ಚಳಿಗಾಲಕ್ಕೆ ಆಗುತ್ತದೆ ಎಂದು ಅವಳು ಇಟ್ಟುಕೊಂಡಳು.

ಗಂಗಲಕ್ಷ್ಮಿ ಪಟ್ಟಿ ಬಿಚ್ಚಿದ ಮೇಲೂ ಹದಿನೈದು ದಿನ ಸೈಕಲ್ ಹತ್ತಿರ ಹೋಗಲಿಲ್ಲ. ಹೆದರಿಕೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಒತ್ತಾಯ ಮಾಡಲಿಲ್ಲ. ಒಂದು ಸೋಮವಾರ ತಾನೇ ಸೈಕಲ್ ನೆಟ್ಟಗೆ ನಿಲ್ಲಿಸಿ, ಗಾಳಿ ಹೊಡೆಸಿಕೊಂಡು ಹೊರಟಳು. ಈಗ ದಿನಾ ಹೋಗುತ್ತಾಳೆ. ಮೋಡ ಕವಿದ ದಿನ ಮಣಿಕಟ್ಟು ನೋಯುತ್ತದೆ, ಅಂದು ಬ್ರೇಕನ್ನು ಬಲಗೈಯಲ್ಲಿ ಮಾತ್ರ ಹಿಡಿಯುತ್ತಾಳೆ.

ಕಳೆದ ವಾರ ಸಂಜೆ ಅವಳು ಒಳಗೆ ಬಂದವಳೇ, "ಆ ಹಾದಿ ಬ್ಯಾಂಕ್ ತನಕ ಐತೆ. ಅಲ್ಲಿಂದ ಸ್ಕೂಲಿನ ತಿರುವು ತನಕ ಏನೂ ಇಲ್ಲ. ದಿನಾ ಇಳ್ದು ತಳ್ಕಂಡ್ ಹೋಗ್ತೀನಿ. ಅಲ್ಲಿಗೂ ಹಾಕ್ರಿ ಅಂತ ಒಂದು ಅರ್ಜಿ ಬರೀಬೇಕು" ಅಂದಳು.

"ಕೊಡು, ಬರೀತೀನಿ" ಎಂದು ಮಾರುತೇಶ ಪೆನ್ನು ಹುಡುಕಿದ. ಆಮೇಲೆ ಏನನ್ನೋ ಯೋಚಿಸಿ, ಪೆನ್ನನ್ನು ಅವಳ ಮುಂದಿಟ್ಟ. "ನೀನೇ ಬರಿ."

"ನನ್ ಅಕ್ಷರ ನೆಟ್ಟಗಿಲ್ಲ."

"ಓದಾಕೆ ಬಂದ್ರೆ ಸಾಕು."

ಅವಳು ಚಾಪೆಯ ಮೇಲೆ ಕಾಲು ಮಡಚಿ ಕೂತು, ಹಾಳೆಯನ್ನು ನೋಯುವ ಕೈಯಿಂದ ಒತ್ತಿ ಹಿಡಿದು, "ಮೊದ್ಲು ಏನಂತ ಬರೀಬೇಕು?" ಅಂದಳು.

"ಮೊದ್ಲು ನಿನ್ ಹೆಸ್ರು ಬರಿ," ಅಂದ ಮಾರುತೇಶ.